ಅಕ್ಕನ ಬೆರಳು, ಅತ್ತೆಯ ಬೆರಳು: ದೆಹಲಿಯಲ್ಲಿ ಹನ್ನೆರಡು ದಿನ

ವಿಮಾನ ನಿಲ್ದಾಣ

ಹೊಸದುರ್ಗದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ಹಿಂದಿ ಕಲಿಸುತ್ತಿದ್ದೇನೆ. ಆದರೂ ದೆಹಲಿಯ ನೆಲ ಮುಟ್ಟಿದ ಮೇಲೆ ನಾನಾಡಿದ ಮೊದಲ ಹಿಂದಿ ವಾಕ್ಯ ಅಲ್ಲಿನ ಟ್ಯಾಕ್ಸಿ ಚಾಲಕನಿಗೆ ಅರ್ಥವಾಗಲಿಲ್ಲ. "ಮಹೋದಯ, ಕ್ಯಾ ಆಪ್‌ಕೋ ಜನಕಪುರಿ ಕಾ ಮಾರ್ಗ್ ಜ್ಞಾತ್ ಹೈ?" ಎಂದು ಜನಕಪುರಿಯ ದಾರಿ ಕೇಳಿದ್ದೆ. ವ್ಯಾಕರಣದಲ್ಲಿ ಒಂದು ಒತ್ತೂ ತಪ್ಪಿರಲಿಲ್ಲ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ತುಂಬ ಮರ್ಯಾದೆಯಿಂದ, ಮೇಡಂ ಇಂಗ್ಲಿಷಿನಲ್ಲೇ ಹೇಳಿ, ನನಗೂ ಸ್ವಲ್ಪ ಬರುತ್ತದೆ ಎಂದ. ಸೂಟ್‌ಕೇಸು ಹಿಂದೆ ಇಟ್ಟು ಬಾಯಿ ಮುಚ್ಚಿಕೊಂಡು ಕುಳಿತೆ. ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ಇದನ್ನು ನೋಡದೆ ಹೋದದ್ದೇ ಪುಣ್ಯ.

ನಮ್ಮ ಮನೆಯಲ್ಲಿ ದೆಹಲಿ ಎಂದರೆ ಪರದೇಶವೇ. ಅಕ್ಕ ಸುಮಿತ್ರಾ ಮದುವೆಯಾಗಿ ಇಲ್ಲಿಗೆ ಬಂದಾಗ ಅಮ್ಮ, ಮಗಳನ್ನು ಪರದೇಶಕ್ಕೆ ಕೊಟ್ಟೆ ಎಂದೇ ಹೇಳಿಕೊಳ್ಳುತ್ತಿದ್ದಳು. ಪ್ರಹ್ಲಾದ ಭಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ರಜೆಗೆ ಅವರೇ ಊರಿಗೆ ಬರುತ್ತಿದ್ದುದರಿಂದ ನಾನು ಹೋಗುವ ಪ್ರಮೇಯ ಬಂದಿರಲಿಲ್ಲ. ಆರು ವರ್ಷದ ಹಿಂದೆ ಅಕ್ಕನಿಗೆ ಕಾಯಿಲೆ ಬಂತು. ಆಮೇಲೆ ಅವರು ಬರುವುದು ಕಡಿಮೆಯಾಯಿತು.

ಅಕ್ಕನ ಕಾಯಿಲೆಯ ಹೆಸರು ಸಿಸ್ಟಮಿಕ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವಂಥದ್ದು. ಚರ್ಮ ದಪ್ಪವಾಗಿ ಬಿಗಿಯುತ್ತದೆ. ಬೆರಳು ಮಡಚಲು ಬರುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಕೆಲವರಿಗೆ ಶ್ವಾಸಕೋಶಕ್ಕೂ ತಾಗುತ್ತದೆ, ಅಕ್ಕನಿಗೆ ಸ್ವಲ್ಪ ತಾಗಿದೆ.

ಅಕ್ಕನನ್ನು ನೋಡಿ ಬರುತ್ತೇನೆಂದು ಶಾಲೆಯಲ್ಲೂ ಮನೆಯಲ್ಲೂ ಹೇಳಿ ಸಂಕ್ರಾಂತಿ ಮುಗಿದ ಮರುದಿನ ಹೊರಟೆ. ಅದು ಸುಳ್ಳಲ್ಲ. ಆದರೆ ಇನ್ನೊಂದು ಕಾರಣ ನನ್ನ ಕೈಗವಸಿನೊಳಗಿತ್ತು. ಎರಡು ವರ್ಷದಿಂದ ಚಳಿಗೆ ನನ್ನ ಬೆರಳುಗಳು ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿದ್ದವು. ಅಕ್ಕನ ಕಾಯಿಲೆ ಶುರುವಾದದ್ದೂ ಹೀಗೆಯೇ. ನಾನು ಗಂಡನಿಗೂ ಹೇಳಿರಲಿಲ್ಲ.

ಜನಕಪುರಿ

ಜನಕಪುರಿಯಲ್ಲಿ ಅಕ್ಕನ ಮನೆ ಈಗ ನೆಲಮಹಡಿಯಲ್ಲಿದೆ. ಮೊದಲು ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿದರೆ ಅಕ್ಕನಿಗೆ ಏದುಸಿರು ಬರುತ್ತದೆಂದು ಭಾವ ಅದೇ ಬೀದಿಯಲ್ಲಿ ಹುಡುಕಿ ಬದಲಾಯಿಸಿದರು.

ದೆಹಲಿಯವರು ಚಳಿಗಾಲದಲ್ಲಿ ಬಿಸಿಲನ್ನು ಹಬ್ಬದಂತೆ ಆಚರಿಸುವುದನ್ನು ಅಲ್ಲಿ ಕಂಡೆ. ಹನ್ನೊಂದು ಗಂಟೆಗೆ ಮಂಜು ಹರಿದು ಒಂದು ಪಟ್ಟಿ ಬಿಸಿಲು ಬಿದ್ದರೆ ಸಾಕು, ಬೀದಿಯ ಹೆಂಗಸರೆಲ್ಲ ಮಂಚ, ಕುರ್ಚಿ, ಹೆಣಿಗೆ, ಬಟಾಣಿ ಸುಲಿಯುವ ಮೊರ ಎಲ್ಲದರೊಂದಿಗೆ ಹೊರಗೆ ಬಂದುಬಿಡುತ್ತಾರೆ. ಬಿಸಿಲು ಸರಿದ ಹಾಗೆ ಕುರ್ಚಿಗಳೂ ಸರಿಯುತ್ತವೆ. ನಮ್ಮ ಹೊಸದುರ್ಗದಲ್ಲಿ ಬಿಸಿಲು ಕಂಡರೆ ನೆರಳಿಗೆ ಓಡುತ್ತೇವೆ. ಇಲ್ಲಿ ಬೇರೆಯವರ ಬಿಸಿಲಿಗೆ ಅಡ್ಡ ನಿಂತದ್ದಕ್ಕೆ ಅಕ್ಕನ ನೆರೆಯ ಅಜ್ಜಿಯೊಬ್ಬರು ನನ್ನನ್ನು ಕೈಸನ್ನೆಯಿಂದ ಸರಿಸಿ, ಆಮೇಲೆ ಅರ್ಧ ಕಿತ್ತಳೆ ಕೊಟ್ಟರು.

ಅಕ್ಕನನ್ನು ಮೂರು ವರ್ಷದ ಮೇಲೆ ನೋಡುತ್ತಿದ್ದೆ. ಮುಖದ ಸುಕ್ಕೆಲ್ಲ ಮಾಯವಾಗಿತ್ತು. ಐವತ್ತನಾಲ್ಕರ ಹೆಂಗಸಿನ ಮುಖ ಹಾಗೆ ನುಣುಪಾಗಿರುವುದು ನೋಡಲು ಹಿತವಲ್ಲ. ತುಟಿಯ ಸುತ್ತ ಚರ್ಮ ಎಳೆದುಕೊಂಡು ಬಾಯಿ ಸಣ್ಣದಾಗಿತ್ತು. ನಾನು ತಂದ ಎಳ್ಳುಬೆಲ್ಲದ ಕೊಬ್ಬರಿ ಚೂರನ್ನು ಒಂದೊಂದಾಗಿ ಬಾಯಿಗೆ ಇಟ್ಟುಕೊಂಡಳು. ದನಿ ಮಾತ್ರ ಅದೇ. ಪ್ರಯಾಣದಲ್ಲಿ ಏನು ತಿಂದೆ ಎಂದು ಮೂರು ಸಲ ಕೇಳಿದಳು.

ಎರಡನೇ ದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ತೊಳೆಯುತ್ತಿದ್ದೆ. ಗೀಸರ್ ಹಾಕಿಕೋ ಎಂದು ಅಕ್ಕ ಹೇಳಿದ್ದಳು, ಇಷ್ಟಕ್ಕೇಕೆ ಎಂದು ನಲ್ಲಿಗೆ ಕೈಯೊಡ್ಡಿದ್ದೆ. ಆ ನೀರು ನೀರಲ್ಲ, ಕತ್ತಿ. ಅರ್ಧ ನಿಮಿಷದಲ್ಲಿ ನಡುಬೆರಳು, ಉಂಗುರಬೆರಳು ಗೆಣ್ಣಿನವರೆಗೆ ಸತ್ತ ಹಾಗೆ ಬಿಳಿಯಾದವು. ಸೆರಗಿನಲ್ಲಿ ಮುಚ್ಚಿಕೊಳ್ಳುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಂದು ನನ್ನ ಎರಡೂ ಕೈಗಳನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡಳು. ಮರದ ತುಂಡಿನ ಹಾಗೆ ಗಡುಸಾಗಿದ್ದವು ಅವಳ ಬೆರಳು. ಮಡಚಲು ಬಾರದ್ದರಿಂದ ಹಿಡಿಯಲು ಆಗಲಿಲ್ಲ, ಒತ್ತಿಕೊಂಡು ನಿಂತಳು.

"ಎಷ್ಟು ದಿನದಿಂದ ವಸು?"

"ಎರಡು ವರ್ಷ."

"ನನಗೆ ಹೇಳಬಾರದಾಗಿತ್ತಾ?"

ಹೇಳಿದರೆ ನಿನಗೆ ಬೇಜಾರಾಗುತ್ತೆ ಅಂತ, ಎಂದೆ. ಬೆರಳಿಗೆ ಬಣ್ಣ ಮರಳುವವರೆಗೆ ಅವಳು ಬಿಡಲಿಲ್ಲ. ಮೊದಲು ನೀಲಿ, ಆಮೇಲೆ ಕೆಂಪು, ಆಮೇಲೆ ಸಾವಿರ ಸೂಜಿ ಚುಚ್ಚುವ ಉರಿ.

ಆಮೇಲೆ ಕುಳಿತು ಮಾತಾಡಿದೆವು. ಅಂಬುಜತ್ತೆಯ ಹೆಸರನ್ನು ನಾನು ಎತ್ತಲಿಲ್ಲ, ಅವಳೇ ಎತ್ತಿದಳು. ಅಂಬುಜತ್ತೆ ನಮ್ಮ ಅಪ್ಪನ ಅಕ್ಕ. ಕೈಬೆರಳು ಸೆಟೆದುಕೊಳ್ಳಲು ಶುರುವಾದ ಮೇಲೆ ಗಂಡನ ಮನೆಯವರು ಅವಳನ್ನು ತಂದು ಬಿಟ್ಟರು. ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಆರು ವರ್ಷ ಇದ್ದಳು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಅದು ಕುಷ್ಠ ಎಂದು ಯಾರೋ ಹೇಳಿದ್ದರು, ಎಲ್ಲರೂ ನಂಬಿದ್ದರು. ನಾನು ಎರಡನೇ ತರಗತಿಯಲ್ಲಿದ್ದಾಗ ತೀರಿಕೊಂಡಳು. ಒಂದು ಸಲ ಕೋಣೆಯ ಬಾಗಿಲಿನಿಂದ ನನ್ನನ್ನು ಹತ್ತಿರ ಕರೆದಿದ್ದಳು. ಅಮ್ಮ ಹೇಳಿಕೊಟ್ಟ ಹಾಗೆ ಓಡಿಹೋಗಿದ್ದೆ.

ಅಕ್ಕನಿಗೆ ಕಾಯಿಲೆ ಗೊತ್ತಾದಾಗ ಅವಳ ಮನಸ್ಸಿಗೆ ಮೊದಲು ಬಂದದ್ದು ಅತ್ತೆಯ ಬೆರಳಂತೆ. ಅದು ಕುಷ್ಠವಲ್ಲ, ಇದೇ ಇರಬೇಕು ಎಂದು ಒಳಗೊಳಗೇ ಅನ್ನಿಸಿತ್ತಂತೆ. ಹಾಗಾದರೆ ಇದು ವಂಶದ್ದು. ಹಾಗಾದರೆ ಮೈಥಿಲಿಗೆ?

ಮೈಥಿಲಿ ಅವಳ ಒಬ್ಬಳೇ ಮಗಳು. ಇಪ್ಪತ್ತೇಳು ವರ್ಷ, ಗುರುಗ್ರಾಮದಲ್ಲಿ ಕೆಲಸ. ಮಂಗಳೂರು ಕಡೆಯ ಜೋಯಲ್ ಎಂಬ ಹುಡುಗನನ್ನು ಮೆಚ್ಚಿ, ಎರಡೂ ಮನೆಯವರು ಒಪ್ಪಿ, ಮದುವೆಯ ಮಾತು ಮುಗಿಯುವ ಹಂತದಲ್ಲಿತ್ತು. ನಾಲ್ಕು ತಿಂಗಳ ಹಿಂದೆ ಹುಡುಗಿ ಇದ್ದಕ್ಕಿದ್ದಂತೆ ಬೇಡ ಎಂದಿದ್ದಳು. ಕಾರಣ ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಾಳೆ ಎಂದಳು ಅಕ್ಕ.

"ಕಾರಣ ನಾನೇ ಅಂತ ನನಗೆ ಗೊತ್ತು," ಎಂದಳು. "ನೀನು ಕೇಳು. ನಿನ್ನ ಹತ್ರ ಹೇಳ್ತಾಳೆ."

ಗುರುಗ್ರಾಮ

ಮೆಟ್ರೋದಲ್ಲಿ ಹೆಂಗಸರ ಬೋಗಿ ಹತ್ತಿ ಹೊರಟೆ. ಭಾವ ಎರಡು ಸಲ ಬರೆದುಕೊಟ್ಟಿದ್ದರೂ ಉಲ್ಟಾ ದಿಕ್ಕಿನ ಗಾಡಿ ಹತ್ತಿ, ದ್ವಾರಕಾ ಎಂಬಲ್ಲಿಗೆ ತಲುಪಿ, ವಾಪಸು ಬಂದೆ. ನನ್ನ ಪಕ್ಕ ಕುಳಿತಿದ್ದ ಹರಿಯಾಣದ ಹೆಂಗಸು ನನ್ನ ತಪ್ಪನ್ನು ಇಡೀ ಬೋಗಿಗೆ ಸಾರಿದಳು. ಆಮೇಲೆ ಬೋಗಿಯವರೆಲ್ಲ ಸೇರಿ ನನ್ನ ದಾರಿ ಚರ್ಚಿಸಿದರು. ಎಷ್ಟು ಮಕ್ಕಳು, ಗಂಡ ಏನು ಮಾಡುತ್ತಾರೆ, ಮೂಗುಬೊಟ್ಟು ಎರಡೂ ಕಡೆ ಏಕಿಲ್ಲ ಎಂಬುದೂ ವಿಚಾರಣೆಗೆ ಬಂತು. ನಮ್ಮ ಕಡೆ ಬಸ್ಸಿನಲ್ಲೂ ಇಷ್ಟೆಲ್ಲ ಕೇಳುತ್ತಾರೆ, ಆದರೆ ಮೊದಲು ಊರು ಕೇಳಿ ಶುರುಮಾಡುತ್ತಾರೆ. ಇಲ್ಲಿ ನೇರ ಸಂಸಾರಕ್ಕೇ ಬಂದುಬಿಡುತ್ತಾರೆ.

ಮೈಥಿಲಿಯ ಮನೆ ಹತ್ತೊಂಬತ್ತನೇ ಮಹಡಿಯಲ್ಲಿ. ಗೇಟಿನ ಕಾವಲುಗಾರ ಫೋನಿನಲ್ಲಿ ಅವಳ ಒಪ್ಪಿಗೆ ಬರುವವರೆಗೆ ಬಿಡುವುದಿಲ್ಲ ಎಂದ. ಅವಳು ಮೀಟಿಂಗಿನಲ್ಲಿದ್ದಳು. "ಮೈಂ ಉಸ್‌ಕೀ ಮೌಸೀ ಹೂಂ. ಕೃಪಯಾ ಪ್ರವೇಶ್ ಕೀ ಅನುಮತಿ ಪ್ರದಾನ್ ಕೀಜಿಯೇ," ಎಂದೆ. ನಾನು ಅವಳ ಚಿಕ್ಕಮ್ಮ, ಒಳಗೆ ಬಿಡಿ ಎಂಬುದಕ್ಕೆ ಪುಸ್ತಕದ ಹಿಂದಿ. ಆತ ಎದ್ದು ನಿಂತ. ಯಾವ ಇಲಾಖೆಯಿಂದ ಬಂದಿದ್ದೀರಿ ಎಂದು ಕೇಳಿದ. ಶಿಕ್ಷಣ ಇಲಾಖೆ ಎಂದೆ, ಅದೂ ಸತ್ಯವೇ. ಕುರ್ಚಿ ಕೊಟ್ಟ.

ನಮ್ಮೂರಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಹತ್ತಿರ ನಿಂತರೆ ಕತ್ತೆತ್ತಿ ನೋಡಬೇಕಾಗುತ್ತದೆ. ಇಲ್ಲಿ ಮನೆಗಳನ್ನೇ ಹಾಗೆ ನೋಡಬೇಕು. ಬಾಲ್ಕನಿಯಿಂದ ಕೆಳಗೆ ಬೂದು ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದರೊಳಗಿಂದ ಹಾರ್ನಿನ ಸದ್ದು ಮಾತ್ರ ಬರುತ್ತಿತ್ತು.

ಮೈಥಿಲಿ ದೆಹಲಿಯಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಅರ್ಧ ದಾರಿಗೆ ಹಿಂದಿ ಸೇರಿಕೊಳ್ಳುತ್ತದೆ. ಚಹಾ ಮಾಡಿ ಕೊಟ್ಟಳು. ನಾನು ಸುತ್ತಿ ಬಳಸಿ ಕೇಳುವುದಕ್ಕೆ ಹೋಗಲಿಲ್ಲ. ಕೈಗವಸು ಕಳಚಿ, ನನ್ನ ಬೆರಳೂ ಬಿಳಿಯಾಗುತ್ತೆ ಕಣೇ ಎಂದೆ.

ಅವಳು ನನ್ನ ಬೆರಳು ಹಿಡಿದು ನೋಡಿದಳು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಒಂದು ವರದಿ ತೋರಿಸಿದಳು. ಕೊಳವೆಯೊಳಗೆ ಉಗುಳಿ ಅಂಚೆಯಲ್ಲಿ ಕಳಿಸಿದರೆ ವಂಶವಾಹಿಯಲ್ಲಿ ಏನಿದೆ ಎಂದು ಹೇಳುವ ಪರೀಕ್ಷೆಯಂತೆ. ಹಸಿರು, ಹಳದಿ, ಕೆಂಪು ಪಟ್ಟಿಗಳು. ಅವಳ ಅಮ್ಮನ ಕಾಯಿಲೆಯ ಹೆಸರಿನ ಮುಂದೆ ಕೆಂಪು ಪಟ್ಟಿ ಇತ್ತು, ಅಪಾಯ ಹೆಚ್ಚು ಎಂದು ಬರೆದಿತ್ತು. ಅದನ್ನು ನೋಡಿದ ವಾರವೇ ಜೋಯಲ್‌ಗೆ ಮದುವೆ ಬೇಡ ಎಂದಿದ್ದಳು. ಅವನಿಗೂ ಕಾರಣ ಹೇಳಿರಲಿಲ್ಲ.

"ಚಿಕ್ಕಿ, ನಾನು ಸೋಚ್ ಮಾಡಿ ಮಾಡಿ ಥಕ್ ಆಗಿದೀನಿ," ಎಂದಳು, ಯೋಚಿಸಿ ಯೋಚಿಸಿ ದಣಿದಿದ್ದಾಳೆಂದು ಅರ್ಥ. "ನಂಗೆ ಬಂದ್ರೆ ಬರ್ಲಿ. ಆದ್ರೆ ನನ್ನ ಬೇಬಿಗೆ ನಾನೇ ಕೊಟ್ಟೆ ಅಂತ ಆದ್ರೆ? ಮಮ್ಮೀ ನನ್ನ ನೋಡ್ತಾರಲ್ಲ, ಹಾಗೆ ನಾನು ಯಾರನ್ನೂ ನೋಡೋಕೆ ಆಗಲ್ಲ."

ನಾನು ಬಂದ ದಿನ ಇವಳು ಜನಕಪುರಿಗೆ ಬಂದಿದ್ದಾಗ ಅಕ್ಕ ಇವಳ ಬೆರಳನ್ನು ಹೇಗೆ ನೋಡುತ್ತಿದ್ದಳು ಎಂಬುದನ್ನು ನಾನೂ ಗಮನಿಸಿದ್ದೆ. ಊಟಕ್ಕೆ ಕೂತಾಗ, ಬಾಗಿಲು ತೆಗೆದಾಗ, ಮೊದಲು ಕೈ ನೋಡಿ ಆಮೇಲೆ ಮುಖ ನೋಡುತ್ತಿದ್ದಳು.

ಆ ಕೆಂಪು ಪಟ್ಟಿಯ ವರದಿಯನ್ನು ಅಕ್ಕನ ಡಾಕ್ಟರಿಗೆ ತೋರಿಸಿದೆಯಾ ಎಂದೆ. ಇಲ್ಲ ಎಂದಳು. ಏಕೆ ಎಂದರೆ, ಅವರೂ ಹೌದು ಅಂದುಬಿಟ್ಟರೆ ಎಂಬ ಭಯ. ನನಗೆ ನಗು ಬಂತು, ಎರಡು ವರ್ಷ ನಾನು ಡಾಕ್ಟರ ಹತ್ತಿರ ಹೋಗದಿದ್ದುದೂ ಇದೇ ಕಾರಣಕ್ಕೆ. ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಮಾತಾಯಿತು.

ಆಸ್ಪತ್ರೆ

ಅಕ್ಕನ ತಪಾಸಣೆಯ ದಿನವೇ ಮೂವರೂ ಹೋದೆವು. ಭಾವ ರಜೆ ಹಾಕಿ ಬಂದಿದ್ದರು. ದೊಡ್ಡ ಆಸ್ಪತ್ರೆ, ದೊಡ್ಡ ಸಾಲು. ಸಾಲಿನಲ್ಲಿ ಕೈಗವಸು ಹಾಕಿದವರನ್ನೆಲ್ಲ ನಾನು ನೋಡುತ್ತ ಕುಳಿತೆ. ಜನವರಿಯ ದೆಹಲಿಯಲ್ಲಿ ಎಲ್ಲರೂ ಕೈಗವಸು ಹಾಕಿರುತ್ತಾರೆ ಎಂಬುದು ಆಮೇಲೆ ಹೊಳೆಯಿತು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಪಂಜಾಬಿನವರು. ಅಕ್ಕನನ್ನು ಸುಮಿತ್ರಾಜಿ ಎನ್ನುತ್ತಾರೆ. ಶ್ವಾಸಕೋಶದ ವರದಿ ನೋಡಿ, ಹೋದ ವರ್ಷ ಇದ್ದಲ್ಲೇ ಇದೆ, ಮುಂದೆ ಹೋಗಿಲ್ಲ ಎಂದರು. ಆಮೇಲೆ ನಮ್ಮ ಕಡೆ ತಿರುಗಿ ಒಂದು ಹಾಳೆ ತೆಗೆದುಕೊಂಡು ಮನೆತನದ ನಕ್ಷೆ ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಕ್ಕನ ವೃತ್ತಕ್ಕೆ ಕಪ್ಪು ತುಂಬಿದರು. ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು.

ಅಂಬುಜತ್ತೆಯ ಕಥೆ ಹೇಳಿದೆ. ಹಿಂದಿಯಲ್ಲಿ ಹೇಳುವಾಗ ಕುಷ್ಠ ಎಂಬ ಪದ ಬಂದಲ್ಲಿ ನನ್ನ ದನಿ ತಾನಾಗಿ ತಗ್ಗಿತು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಆಕೆಗೆ ಬೆರಳಲ್ಲಿ ಸ್ಪರ್ಶ ತಿಳಿಯುತ್ತಿತ್ತೇ, ಬಿಸಿ ತಣ್ಣಗೆ ಗೊತ್ತಾಗುತ್ತಿತ್ತೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿರುವವರು ಒಬ್ಬರೇ. ಹೊರಗೆ ಬಂದು ಕಾರಿಡಾರಿನಿಂದ ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪನಿಗೆ ಎಂಬತ್ತು ದಾಟಿದೆ, ನನ್ನ ಜೊತೆಗೇ ಇರುತ್ತಾರೆ. ನಲವತ್ತು ವರ್ಷದಿಂದ ಅವರ ಬಾಯಲ್ಲಿ ಅಂಬುಜತ್ತೆಯ ಹೆಸರು ಬಂದದ್ದನ್ನು ನಾನು ಕೇಳಿಲ್ಲ. ಅತ್ತೆಗೆ ಬೆರಳಲ್ಲಿ ಬಿಸಿ ತಣ್ಣಗೆ ಗೊತ್ತಾಗುತ್ತಿತ್ತೇ ಎಂದು ಕೇಳಿದೆ.

"ಗೊತ್ತಾಗ್ತಿತ್ತು," ಎಂದರು. "ಬಿಸಿ ಅನ್ನದ ತಟ್ಟೆ ಇಟ್ಟರೆ ಮೊದಲು ಉಣ್ತಿರಲಿಲ್ಲ. ತಟ್ಟೆ ಕೆಳಗೆ ಎರಡೂ ಕೈ ಇಟ್ಟುಕೊಂಡು ಕೂರೋಳು. ಚಳಿಗೆ ಬೆರಳು ಬೆಳ್ಳಗೆ ಆಗೋವು. ಉಂಡ ಮೇಲೆ ಎದೆ ಉರಿ ಅಂತ ಅಳೋಳು. ಬಾಯಿ ಸಣ್ಣದಾಗಿತ್ತು, ತುತ್ತು ಸಣ್ಣಗೆ ಮಾಡಿ ಕೊಡಬೇಕಿತ್ತು. ಯಾಕಮ್ಮ ಇದೆಲ್ಲ?"

ಮೈಮೇಲೆ ಮಚ್ಚೆ ಇತ್ತೇ ಎಂದು ಕೇಳಿದೆ. ಇರಲಿಲ್ಲ ಎಂದರು. ಆಮೇಲೆ ಹೇಳುತ್ತೇನೆಂದು ಒಳಗೆ ಹೋದೆ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಕಾಗದಪತ್ರವಿಲ್ಲದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಹೇಳುವುದು ಕುಷ್ಠದ ಹಾಗೆ ಕೇಳಿಸುವುದಿಲ್ಲ, ಸುಮಿತ್ರಾಜಿಯ ಕಾಯಿಲೆಯ ಹಾಗೆಯೇ ಕೇಳಿಸುತ್ತದೆ ಎಂದರು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಕುಷ್ಠವೇ ಆಗಿದ್ದರೂ ಔಷಧಿ ಇತ್ತು, ಹಾಗೆ ದೂರ ಇಡುವ ಅಗತ್ಯ ಇರಲಿಲ್ಲ. ಅವರು ಅಂಬುಜತ್ತೆಯ ವೃತ್ತಕ್ಕೆ ಅರ್ಧ ಕಪ್ಪು ತುಂಬಿ ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

ಹಾಗಾದರೆ ವಂಶದ್ದೇ ಅಲ್ಲವೇ ಎಂದು ಮೈಥಿಲಿ ಕೇಳಿದಳು. ತನ್ನ ಕೆಂಪು ಪಟ್ಟಿಯ ವರದಿಯನ್ನು ಮೇಜಿನ ಮೇಲಿಟ್ಟಳು.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಇದು ತಾಯಿಯಿಂದ ಮಗಳಿಗೆ ಮೂಗಿನ ಆಕಾರ ಬಂದ ಹಾಗೆ ಬರುವುದಲ್ಲ. ಒಂದೇ ವಂಶವಾಹಿಯ ಕೆಲಸವೂ ಅಲ್ಲ. ಹತ್ತಾರು ವಂಶವಾಹಿಗಳು, ಹೆಚ್ಚಿನವು ಮೈಯ ರಕ್ಷಣೆಗೆ ಸಂಬಂಧಿಸಿದವು, ಒಂದೊಂದೂ ಚೂರುಚೂರು ತಳ್ಳುತ್ತವೆ. ಅವೇ ವಂಶವಾಹಿ ಇರುವ ಅಸಂಖ್ಯ ಜನ ಆರೋಗ್ಯವಾಗಿ ಬದುಕಿ ಮುದುಕರಾಗುತ್ತಾರೆ. ಕಾಯಿಲೆಯಾಗಬೇಕಾದರೆ ಹೊರಗಿನದು ಇನ್ನೇನೋ ಸೇರಬೇಕು. ಕಲ್ಲಿನ ಪುಡಿ, ಕೆಲವು ರಾಸಾಯನಿಕಗಳು ಎಂದು ಕೆಲವು ಗೊತ್ತಿವೆ, ಹೆಚ್ಚಿನವು ಗೊತ್ತಿಲ್ಲ. ಕಾಯಿಲೆಯವರ ಹತ್ತಿರದ ರಕ್ತಸಂಬಂಧಿಗಳಿಗೆ ಬೀದಿಯಲ್ಲಿ ಹೋಗುವವರಿಗಿಂತ ಸಾಧ್ಯತೆ ಹೆಚ್ಚು, ಅದು ನಿಜ. ಆದರೆ ಬೀದಿಯಲ್ಲಿ ಹೋಗುವವರ ಸಾಧ್ಯತೆ ಎಷ್ಟು ಸಣ್ಣದೆಂದರೆ, ಅದು ಹಲವು ಪಟ್ಟು ಹೆಚ್ಚಾದರೂ ಸಣ್ಣದಾಗಿಯೇ ಉಳಿಯುತ್ತದೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಹೆಚ್ಚಾಗಿ ಬರುವುದಿಲ್ಲ. ಒಂದು ಮನೆಯಲ್ಲಿ ಇಬ್ಬರಿಗೆ ಬರುವುದು ಅಪರೂಪ, ನಿಮ್ಮಲ್ಲಿ ಬಹುಶಃ ಹಾಗಾಗಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ ಎಂದರು.

ಆಮೇಲೆ ಆ ವರದಿಯನ್ನು ಮಡಚಿ ಮೈಥಿಲಿಗೆ ವಾಪಸು ಕೊಟ್ಟರು.

"ಬೇಟಾ, ಈ ಕಾಯಿಲೆ ಬರುತ್ತೆ ಬರಲ್ಲ ಅಂತ ಹೇಳುವ ವಂಶವಾಹಿ ಪರೀಕ್ಷೆ ನನ್ನ ಹತ್ತಿರವೂ ಇಲ್ಲ, ಇವರ ಹತ್ತಿರವೂ ಇಲ್ಲ. ಚಳಿಗೆ ಬೆರಳು ಬಿಳಿಯಾದರೆ, ಬೆರಳು ಊದಿಕೊಂಡರೆ ನನ್ನ ಹತ್ತಿರ ಬಾ. ಈಗ ನಿನಗೆ ಏನೂ ಇಲ್ಲ. ಇಲ್ಲದ ಕಾಯಿಲೆಗೆ ಮದುವೆ ಬಿಡಬೇಡ."

ಮದುವೆಯ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದ ಹುಡುಗಿಯರು ಈ ಪ್ರಶ್ನೆ ಹಿಡಿದು ಬಂದರೆ ಹಿಂದೆ ಅದೇ ಇರುತ್ತದೆ ಎಂದು ಆಮೇಲೆ ಹೇಳಿದರು.

ನನ್ನ ಸರದಿ ಬಂತು. ನನ್ನ ಬೆರಳು ಬಿಳಿಯಾಗುತ್ತಿತ್ತಲ್ಲ, ಆದ್ದರಿಂದ ಮಾತಿನಲ್ಲಿ ಮುಗಿಯಲಿಲ್ಲ. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಅದರ ಮೇಲೆ ಪುಟ್ಟ ಸೂಕ್ಷ್ಮದರ್ಶಕ ಇಟ್ಟರು. ಪರದೆಯ ಮೇಲೆ ನನ್ನ ರಕ್ತನಾಳಗಳು ಕಂಡವು. ಕೂದಲಿಗೆ ಸಿಕ್ಕಿಸುವ ಪಿನ್ನುಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ, ಕೆಂಪಗೆ, ಒಂದರ ಪಕ್ಕ ಒಂದು. ಏನೂ ಅರ್ಥವಾಗದೆ ಡಾಕ್ಟರ ಮುಖ ನೋಡಿದೆ. ಅವರು ಅಕ್ಕನ ಹಳೆಯ ಚಿತ್ರವನ್ನು ಪಕ್ಕಕ್ಕೆ ತಂದರು. ಅದರಲ್ಲಿ ಪಿನ್ನುಗಳು ಊದಿ ತಿರುಚಿಕೊಂಡಿದ್ದವು, ನಡುನಡುವೆ ಖಾಲಿ ಜಾಗ. ನನ್ನ ಹತ್ತೂ ಬೆರಳು ನೋಡಿದರು. ಎಲ್ಲ ಸಾಲೂ ನೆಟ್ಟಗಿದ್ದವು. ಇನ್ನು ರಕ್ತದ ಪರೀಕ್ಷೆ ಒಂದು ಉಳಿಯಿತು, ನಾಲ್ಕು ದಿನ ಬೇಕು ಎಂದರು.

ನಡುವಿನ ನಾಲ್ಕು ದಿನ

ದೆಹಲಿ ನೋಡಲು ಸಿಕ್ಕ ದಿನಗಳು ಇವೇ. ಆದರೆ ನೋಡಿದ್ದರಲ್ಲಿ ಹೆಚ್ಚು ನೆನಪಿಲ್ಲ. ಭಾವ ಒಂದು ಗೋರಿಗೂ ಒಂದು ಕೋಟೆಗೂ ಕರೆದೊಯ್ದರು. ಗೋರಿಯ ಹುಲ್ಲಿನ ಮೇಲೆ ಇಡೀ ಕುಟುಂಬಗಳು ಊಟದ ಡಬ್ಬಿ ಬಿಚ್ಚಿ ಕೂತಿದ್ದವು. ನಮ್ಮಲ್ಲಿ ಸಮಾಧಿಯ ಹತ್ತಿರ ಕೂತು ಯಾರೂ ಮೂಲಂಗಿ ಪರೋಟ ತಿನ್ನಲಾರರು. ಅಲ್ಲಿ ಕೂತು ನಾವೂ ತಿಂದೆವು, ಚೆನ್ನಾಗಿತ್ತು.

ತರಕಾರಿ ಭಯ್ಯಾನ ಹತ್ತಿರ ನನ್ನ ಹಿಂದಿ ದಿನೇ ದಿನೇ ಇಳಿಯುತ್ತ ಬಂತು. ಕೃಪಯಾ ಹೋಗಿ ಅರೇ ಬಂತು. ಮೂರನೇ ದಿನ ಆತ ನನ್ನನ್ನು ಬಿಹಾರದವರಾ ಎಂದು ಕೇಳಿದ. ಭಾವ ಅದನ್ನು ಬಡ್ತಿ ಎಂದು ಪರಿಗಣಿಸಬೇಕೆಂದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅಂಟುವ ಕಾಯಿಲೆ ಆಗಿರಲಿಲ್ಲವಂತೆ ಎಂದೆ. ಬಿಸಿಲಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ಫೋನಿಗೆ ಕಿವಿ ಹಚ್ಚಿದಳು.

"ಮಕ್ಕಳಿದ್ದಾವೆ ಅಂತ ಹೆದರಿದ್ವಿ," ಎಂದರು ಅಪ್ಪ. "ನಿಮ್ಮಮ್ಮನೂ, ನಾನೂ. ನಮ್ಮಕ್ಕ ಒಂದು ದಿನಕ್ಕೂ ಬೈಲಿಲ್ಲ."

ಅಕ್ಕ ಫೋನ್ ತೆಗೆದುಕೊಂಡು, ಅಪ್ಪಾ ಆಗ ಡಾಕ್ಟರುಗಳಿಗೇ ಗೊತ್ತಿರಲಿಲ್ಲ ಎಂದಳು. ಆಮೇಲೆ ಅವರ ಮಂಡಿನೋವಿನ ವಿಚಾರ ಕೇಳಿದಳು. ಅರ್ಧ ಗಂಟೆ ಮಾತಾಡಿದರು. ಕೊನೆಗೆ ಅಪ್ಪ ಅಂಬುಜತ್ತೆ ಹಾಡುತ್ತಿದ್ದ ಹಸೆಹಾಡಿನ ಎರಡು ಸಾಲನ್ನು ನೆನಪಿಸಿಕೊಂಡು ಹೇಳುತ್ತಿದ್ದರು, ಮೂರನೆಯದು ನೆನಪಾಗುತ್ತಿರಲಿಲ್ಲ. ಅವಳು ಹಾಡುತ್ತಿದ್ದಳೆಂಬುದು ನಮಗಿಬ್ಬರಿಗೂ ಗೊತ್ತೇ ಇರಲಿಲ್ಲ.

ಮತ್ತೆ ಆಸ್ಪತ್ರೆ

ಐದು ನಿಮಿಷದ ಕೆಲಸ. ರಕ್ತದಲ್ಲಿ ಆ ಕಾಯಿಲೆಯ ಗುರುತು ಇರಲಿಲ್ಲ. ನನ್ನ ಬೆರಳಿಗಿರುವುದು ಚಳಿಗೆ ರಕ್ತನಾಳ ಕುಗ್ಗುವ ತೊಂದರೆ ಮಾತ್ರ. ರೇನೋ ಎನ್ನುತ್ತಾರಂತೆ. ಅಕ್ಕನಿಗೂ ಅದು ಇದೆ, ಆದರೆ ಅವಳಲ್ಲಿ ಅದು ಮುಂದಿನ ಕಾಯಿಲೆಯ ಮುನ್ಸೂಚನೆಯಾಗಿತ್ತು. ನನ್ನಲ್ಲಿ ಅದು ಅಷ್ಟಕ್ಕೇ ನಿಲ್ಲುವ ಸಾಧ್ಯತೆಯೇ ಹೆಚ್ಚು. ವರ್ಷಕ್ಕೊಮ್ಮೆ ತೋರಿಸಿ, ಕೈ ಬೆಚ್ಚಗಿಡಿ ಎಂದರು.

ಒಂಬತ್ತು ವರ್ಷದಿಂದ ಥೈರಾಯಿಡ್ ಮಾತ್ರೆ ನುಂಗುತ್ತಿದ್ದೇನೆಂದು ಹೇಳಿದಾಗ ಡಾಕ್ಟರು ತಲೆಯಾಡಿಸಿದರು. ಮೈಯ ರಕ್ಷಣೆ ಮೈಮೇಲೆಯೇ ತಿರುಗುವ ಒಲವು ಕೆಲವು ಮನೆತನಗಳಲ್ಲಿ ಇರುತ್ತದೆ, ಅದು ಒಬ್ಬೊಬ್ಬರಲ್ಲಿ ಒಂದೊಂದು ರೂಪದಲ್ಲಿ ಬರುತ್ತದೆ, ಬಹಳ ಮಂದಿಯಲ್ಲಿ ಬರುವುದೇ ಇಲ್ಲ. ನಿಮ್ಮಲ್ಲಿ ಥೈರಾಯಿಡ್ ತೊಂದರೆಯ ರೂಪದಲ್ಲಿ ಬಂದಿರಬಹುದು ಎಂದರು.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಮೊದಲು ಗಂಡನಿಗೆ ಫೋನ್ ಮಾಡಿ ಎರಡು ವರ್ಷದ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಅವರು ಬೈದರು. ಆ ಬೈಗುಳ ಕೇಳಿ ಎಷ್ಟು ಹಗುರಾಯಿತೆಂದರೆ, ಎದುರಿಗೆ ಕುಳಿತಿದ್ದ ಅಪರಿಚಿತ ಹೆಂಗಸು ನನ್ನ ನಗು ನೋಡಿ, ಸಬ್ ಠೀಕ್ ಎಂದು ಕೇಳಿದಳು. ಏಕ್‌ದಂ ಠೀಕ್ ಎಂದೆ.

ಅಕ್ಕ ಪಕ್ಕದಲ್ಲಿ ಕುಳಿತು ಅಳುತ್ತಿದ್ದಳು. ಅವಳು ಆರು ವರ್ಷದಲ್ಲಿ ತನ್ನ ಕಾಯಿಲೆಗಾಗಿ ಅತ್ತದ್ದನ್ನು ನೋಡಿಲ್ಲ ಎಂದು ಭಾವ ಆಮೇಲೆ ಹೇಳಿದರು.

ವಸಂತ್ ಕುಂಜ್

ಆ ಸಂಜೆಯೇ ಮೈಥಿಲಿ ಜೋಯಲ್‌ನನ್ನು ಕಂಡು ಎಲ್ಲ ಹೇಳಿದಳು. ಅವನು ಏನೆಂದನೋ ನಮಗೆ ಹೇಳಲಿಲ್ಲ. ಭಾನುವಾರ ಅವರ ಮನೆಗೆ ಹೋಗಬೇಕು, ಅವನ ತಂದೆತಾಯಿಗೂ ತಾನೇ ಬಾಯಾರೆ ಹೇಳಬೇಕು, ಆಮೇಲೆ ಅವರು ಯೋಚಿಸಲಿ ಎಂದಳು.

ಜೋಯಲ್‌ನ ತಾಯಿ ಸೆಲಿನ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ, ತಂದೆ ನಿವೃತ್ತರು. ವಸಂತ್ ಕುಂಜ್‌ನ ಸರ್ಕಾರಿ ಫ್ಲಾಟು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಕ್ಕ ನಿಧಾನವಾಗಿ ಹತ್ತುತ್ತೇನೆ, ನಡುವೆ ಕೂರುತ್ತೇನೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಕಾರು ನಿಂತಾಗ ನೋಡಿದರೆ ಅವರು ಮನೆಯಲ್ಲಿ ಇರಲಿಲ್ಲ. ಕೆಳಗಿನ ಪಾರ್ಕಿನ ಬಿಸಿಲಿನಲ್ಲಿ ಊಟದ ಮೇಜಿನ ಆರು ಕುರ್ಚಿ, ಒಂದು ಬೆತ್ತದ ಕುರ್ಚಿ, ಒಂದು ಟೀಪಾಯಿ, ಅದರ ಮೇಲೆ ಕ್ರೋಷಾ ಹೊದಿಕೆ, ಫ್ಲಾಸ್ಕು, ನೀರ್‌ದೋಸೆಯ ಡಬ್ಬಿ. ಜೋಯಲ್ ಮತ್ತು ಅವನ ತಂದೆ ಬೆಳಿಗ್ಗೆಯಿಂದ ಎಲ್ಲವನ್ನೂ ಮೂರು ಮಹಡಿ ಇಳಿಸಿದ್ದರು.

ಮೈಥಿಲಿ ಕೂರಲೇ ಇಲ್ಲ. ನಿಂತುಕೊಂಡೇ, ಹಿಂದಿಗೆ ಜಾರದೆ, ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು. ನಮ್ಮಮ್ಮನಿಗೆ ಈ ಕಾಯಿಲೆ ಇದೆ, ಅಜ್ಜನ ಅಕ್ಕನಿಗೂ ಇತ್ತೇನೋ. ನನಗೆ ಬರುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಮಕ್ಕಳಿಗೂ ಹಾಗೆಯೇ. ಇದನ್ನು ಮುಚ್ಚಿಟ್ಟು ನಾನು ಬರುವುದಿಲ್ಲ.

ಜೋಯಲ್‌ನ ತಂದೆ ಕೆಮ್ಮಿದರು. ಸೆಲಿನ್ ಅವಳನ್ನೇ ನೋಡುತ್ತಿದ್ದರು. ಆಮೇಲೆ ಅಕ್ಕನ ಕಡೆ ತಿರುಗಿ, ಚಳಿಗಾಲದಲ್ಲಿ ನಿಮಗೆ ಬಹಳ ತೊಂದರೆಯಾಗುತ್ತದೆಯೇ ಎಂದು ಕೇಳಿದರು. ಆಗುತ್ತೆ, ಬೆರಳು ಒಡೆದು ಹುಣ್ಣಾಗುತ್ತೆ, ಬೇಸಿಗೆಯಲ್ಲಿ ಆರಾಮ ಎಂದಳು ಅಕ್ಕ.

ನಾವು ಮದುವೆಯನ್ನು ಬರುವ ಡಿಸೆಂಬರಿನಲ್ಲಿ ಅಂದುಕೊಂಡಿದ್ದೆವು, ಊರಿನವರಿಗೆಲ್ಲ ರಜೆ ಇರುತ್ತೆ ಅಂತ, ಎಂದರು ಜೋಯಲ್‌ನ ತಂದೆ. ಇನ್ನೂ ಅದೇ ಹಳೆಯ ಲೆಕ್ಕದಲ್ಲಿದ್ದರು. ಮಾತು ಮುರಿದಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದರೂ ನಂಬಿರಲಿಲ್ಲವೋ.

"ಡಿಸೆಂಬರ್ ಬೇಡ," ಎಂದರು ಸೆಲಿನ್. "ಹುಡುಗಿಯ ತಾಯಿ ಕೈಗವಸು ಹಾಕ್ಕೊಂಡು ಅಕ್ಷತೆ ಹಾಕೋದು ನನಗೆ ಇಷ್ಟ ಇಲ್ಲ. ಮೇ ತಿಂಗಳಲ್ಲಿ ಮಾಡುವ."

ಮೇ ತಿಂಗಳ ದೆಹಲಿಯಲ್ಲಿ ಡಾಂಬರು ಕರಗುತ್ತದೆ, ಜನ ಹೊರಗೆ ಕಾಲಿಡುವುದಿಲ್ಲ ಎಂದು ಭಾವ ಗಾಬರಿಯಿಂದ ವಿವರಿಸಿದರು. ಮಂಗಳೂರಿನಿಂದ ಬರುವ ತನ್ನ ಅಣ್ಣತಮ್ಮಂದಿರು ಸೂಟು ಹಾಕಿಕೊಂಡು ಬೆಂದುಹೋಗುತ್ತಾರೆ ಎಂದರು ಜೋಯಲ್‌ನ ತಂದೆ. ಬೇಯಲಿ ಎಂದರು ಸೆಲಿನ್. ಮೈಥಿಲಿ ಆಗ ಕುಳಿತಳು, ಕುರ್ಚಿಯ ಮೇಲಲ್ಲ, ಅಕ್ಕನ ಕಾಲ ಬಳಿ ಹುಲ್ಲಿನ ಮೇಲೆ.

ಅಕ್ಕ ಏನೋ ಹೇಳಲು ಹೋದಳು. ಬಾಯಿ ತೆರೆದಷ್ಟೇ ತೆರೆದು ನಗತೊಡಗಿದಳು. ನಗು ನಿಲ್ಲಿಸಿಕೊಂಡು ಸೆಲಿನ್‌ಗೆ, ಹಾಗಾದರೆ ನಾನು ರೇಷ್ಮೆ ಸೀರೆಯೇ ಉಡುತ್ತೇನೆ, ನೀವೆಲ್ಲ ಏನಾದರೂ ಮಾಡಿಕೊಳ್ಳಿ ಎಂದಳು. ನೀರ್‌ದೋಸೆಯನ್ನು ಸಣ್ಣಗೆ ಹರಿದು ಬಾಯಿಗಿಟ್ಟುಕೊಂಡು, ಬೆಲ್ಲ ಕಾಯಿಹಾಲು ತಂದಿದ್ದೀರಾ ಎಂದು ಕೇಳಿದಳು.